ಕೊನೆಗೆ ಬಂದವರಿಗೆ ಕ್ಲೆರಿಕ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತವರ ಮೊದಲ ಜಗಳ ರಾಕ್ಷಸರ ಜೊತೆ ನಡೆಯುವುದಿಲ್ಲ. ಕ್ಲೆರಿಕ್ ಯಾರಾಗಬೇಕು ಅನ್ನುವುದರ ಮೇಲೆ ನಡೆಯುತ್ತದೆ. ಕತ್ತಿ ಹಿಡಿಯುವವನು ಸಿಗುತ್ತಾನೆ, ಬೆಂಕಿ ಎಸೆಯುವವಳು ಸಿಗುತ್ತಾಳೆ, ಬೀಗ ಮುರಿಯುವುದಕ್ಕಂತೂ ಇಬ್ಬರು ಮೂವರು ಪೈಪೋಟಿಗೆ ನಿಲ್ಲುತ್ತಾರೆ. ಗಾಯಗೊಂಡು ಬಿದ್ದವರಿಗೆ ಮಂತ್ರ ಹಾಕಿ ಎಬ್ಬಿಸುವ ಪೂಜಾರಿ ಯೋಧನ ಮಾತು ಬಂದ ಕೂಡಲೇ ಎಲ್ಲರಿಗೂ ಮೊಬೈಲ್ ನೆನಪಾಗುತ್ತದೆ. ಬೆಂಗಳೂರಿನ ಸಾರಕ್ಕಿಯಲ್ಲಿ ನಾನು ಬಲ್ಲ ಒಂದು ತಂಡ ಇದಕ್ಕೊಂದು ಕಾನೂನು ಮಾಡಿಕೊಂಡಿದೆ: ಕೊನೆಗೆ ಬಂದವರಿಗೆ ಕ್ಲೆರಿಕ್. ಸಂಜೆ ಹೊತ್ತು ಸಾರಕ್ಕಿ ಸಿಗ್ನಲ್ ದಾಟಿ ಬರಬೇಕಾದವರಿಗೆ ಈ ಕಾನೂನು ಎಂಥ ಅನ್ಯಾಯ ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ರೊ ಹತ್ತಿ ಜೆ.ಪಿ. ನಗರ ನಿಲ್ದಾಣದಲ್ಲಿ ಇಳಿದವರು ಫೈಟರ್ ಆಗುತ್ತಾರೆ, ಬಿಟಿಎಂ ಕಡೆಯಿಂದ ರಿಂಗ್ ರೋಡಿನಲ್ಲಿ ಕಾರು ತಂದವರು ದೇವರ ಸೇವೆಗೆ ಸೇರುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಂಪ್ಯೂಟರ್ ಆಟವಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ಹಾಳೆ, ಒಂದು ಪೆನ್ಸಿಲ್, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು. ಒಬ್ಬರು ಡಂಜನ್ ಮಾಸ್ಟರ್, ಆಡುವವರ ಬಾಯಲ್ಲಿ ಡಿಎಂ. ಗುಹೆ, ಊರು, ಹವೆ, ಹೋಟೆಲಿನ ಯಜಮಾನ, ಕಾಡಿನ ಕಳ್ಳರು, ಎಲ್ಲವೂ ಅವರ ಮಾತಿನಿಂದ ಹುಟ್ಟಬೇಕು. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. 'ನಾನು ಬಾಗಿಲಿಗೆ ಕಿವಿಯಾನಿಸುತ್ತೇನೆ' ಅಂದರೆ ಕಿವಿಯಾನಿಸಿದ ಹಾಗೆ. ಕೆಲಸ ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾತ್ರ ದಾಳ ಉರುಳುತ್ತದೆ. ಪಾತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತೀರ್ಮಾನಿಸುವುದು ಅದರ ಕ್ಲಾಸ್: ಫೈಟರ್, ವಿಜಾರ್ಡ್, ರೋಗ್, ಬಾರ್ಡ್, ಪ್ಯಾಲಡಿನ್ ಹೀಗೆ. ಈಗ ಚಾಲ್ತಿಯಲ್ಲಿರುವ ಮೂಲ ಪುಸ್ತಕದಲ್ಲಿ ಇಂಥವು 12 ಇವೆ. ನಾಟಕದಲ್ಲಾದರೆ ಯಾರಿಗೆ ಯಾವ ಪಾತ್ರ ಎಂದು ನಿರ್ದೇಶಕರು ಹೇಳುತ್ತಾರೆ. ಇಲ್ಲಿ ಅವರವರೇ ಆರಿಸಿಕೊಳ್ಳಬೇಕು. ಜೆ.ಪಿ. ನಗರ ಎರಡನೇ ಫೇಸಿನಲ್ಲಿ, ನಮ್ಮ ನೆರೆಯಲ್ಲೇ ಇರುವ ರಂಗಶಂಕರ ನಾಟಕಮಂದಿರ ತಡವಾಗಿ ಬಂದವರನ್ನು ಒಳಗೇ ಬಿಡುವುದಿಲ್ಲ. ಈ ತಂಡ ಒಳಗೆ ಬಿಟ್ಟುಕೊಂಡು ಕ್ಲೆರಿಕ್ ಮಾಡುತ್ತದೆ. ಯಾವುದು ಹೆಚ್ಚು ಕಠಿಣ ಎಂದು ನಾನು ಹೇಳಲಾರೆ.

ಕ್ಲೆರಿಕ್ ಅಂದರೆ ಯಾಕೆ ಬೇಡ? ಕೇಳಿದರೆ 'ಬೋರು' ಅನ್ನುತ್ತಾರೆ. ಆಡುವವರ ಸ್ವಭಾವವೇ ಹಾಗೆ, ಎಲ್ಲರಿಗೂ ಹೀರೊ ಆಗುವ ಆಸೆ ಎಂದು ಗೊಣಗುವ ಹಿರಿಯರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಪಾತ್ರವನ್ನು ಬೇಡವಾಗಿಸುವುದು, ಬೇಕಾಗಿಸುವುದು, ಎರಡೂ ನಿಯಮದ ಕೆಲಸ. ತನ್ನ ಸರದಿ ಬಂದಾಗ ಆ ಪಾತ್ರಕ್ಕೆ ಏನು ಮಾಡಲು ಬಿಟ್ಟಿದ್ದಾರೆ ಎಂಬುದರ ಮೇಲೆ ಅದೆಲ್ಲ ನಿಂತಿದೆ. ಈ ಆಟದ 50 ವರ್ಷದ ಚರಿತ್ರೆಯೇ ಅದಕ್ಕೆ ಸಾಕ್ಷಿ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮೂರು ಸಣ್ಣ ಪುಸ್ತಕಗಳನ್ನು ಒಂದು ಪೆಟ್ಟಿಗೆಗೆ ತುಂಬಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಮಾರಾಟಕ್ಕೆ ಬಿಟ್ಟರು. ಮೊದಲ ಮುದ್ರಣ 1,000 ಪ್ರತಿ. ಅದರಲ್ಲಿದ್ದ ಕ್ಲಾಸುಗಳು ಮೂರೇ: ಕಾದಾಡುವವನು, ಮಂತ್ರವಾದಿ, ಕ್ಲೆರಿಕ್. ಮೂರನೆಯವನು ಹುಟ್ಟಿದ ಕತೆ ಸ್ವಾರಸ್ಯದ್ದು. ಪೆಟ್ಟಿಗೆ ಬರುವುದಕ್ಕೆ ಮುಂಚೆ ಆರ್ನೆಸನ್ ಮಿನ್ನೆಸೋಟದಲ್ಲಿ ಗೆಳೆಯರಿಗೆ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಸೀಮೆಯ ಆಟ ಆಡಿಸುತ್ತಿದ್ದರು. ಒಬ್ಬ ಆಟಗಾರನ ಪಾತ್ರ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯಾಗಿ ಯಾರ ಕೈಗೂ ಸಿಗದಷ್ಟು ಬಲಿತುಬಿಟ್ಟಿತು. ಅದನ್ನು ಬಗ್ಗಿಸಲು ಇನ್ನೊಬ್ಬ ಆಟಗಾರನನ್ನು ಪಿಶಾಚಿ ಬೇಟೆಯ ಪಾದ್ರಿಯನ್ನಾಗಿ ಮಾಡಿದರು. ಆ ಕಾಲದ ಹ್ಯಾಮರ್ ಕಂಪನಿಯ ಡ್ರಾಕುಲಾ ಸಿನಿಮಾಗಳಲ್ಲಿ ಶಿಲುಬೆ ಎತ್ತಿ ಹಿಡಿದು ಬರುವ ವ್ಯಾನ್ ಹೆಲ್ಸಿಂಗ್ ಇದ್ದಾನಲ್ಲ, ಅವನ ಪಡಿಯಚ್ಚು. ಅಂದರೆ ಕ್ಲೆರಿಕ್ ಹುಟ್ಟಿದ್ದು ಬೇಟೆಗಾರನಾಗಿ. ದಾದಿಯ ಕೆಲಸ ಅವನಿಗೆ ಆಮೇಲೆ ಅಂಟಿಕೊಂಡಿತು. ಮೊದಲ ಹಂತದ ಕ್ಲೆರಿಕ್‌ಗೆ ಆಗ ಒಂದು ಮಂತ್ರವೂ ಇರಲಿಲ್ಲ. ಸತ್ತು ಎದ್ದು ಬಂದವರನ್ನು ದೇವರ ಹೆಸರಿನಲ್ಲಿ ಹಿಮ್ಮೆಟ್ಟಿಸುವುದೊಂದೇ ಅವನ ವಿಶೇಷ.

ಗಾಯ ಮಾಯಿಸುವ ಮಂತ್ರ ಅವನೊಬ್ಬನ ಸೊತ್ತಾಯಿತಲ್ಲ, ಅಲ್ಲಿಂದ ಅವನ ದೆಸೆ ಕೆಟ್ಟಿತು. ಕಾಳಗದಲ್ಲಿ ಒಂದು ಸುತ್ತಿಗೆ ಒಬ್ಬರಿಗೆ ಒಂದು ಕೆಲಸ. ಫೈಟರ್ ಹೊಡೆಯುತ್ತಾನೆ, ವಿಜಾರ್ಡ್ ಸುಡುತ್ತಾನೆ, ಕ್ಲೆರಿಕ್ ತನ್ನ ಸರದಿಯನ್ನು ಫೈಟರ್‌ನ ಗಾಯಕ್ಕೆ ಕೊಡುತ್ತಾನೆ. ಮುಂದಿನ ಸುತ್ತಿನಲ್ಲೂ ಅಷ್ಟೆ. ಸಂಜೆಯೆಲ್ಲ ಕೂತು ಎದ್ದಾಗ ಅವನ ಹೆಸರಿನಲ್ಲಿ ಹೇಳಿಕೊಳ್ಳುವಂಥದ್ದೊಂದೂ ಇರುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸಲು ನಿಂತವನ ಪಾಡು ಇದು. ಅವನಿಲ್ಲದೆ ಊಟ ಸಾಗದು, ಅವನ ಊಟದ ಹೊತ್ತಿಗೆ ಹೋಳಿಗೆ ಉಳಿದಿರುವುದಿಲ್ಲ.

ಇದು ಆಟ ಕಟ್ಟುವವರಿಗೂ ಗೊತ್ತಿತ್ತು. ಹಾಗಾಗಿ ಹೊಸ ಆವೃತ್ತಿ ಬಂದಾಗಲೆಲ್ಲ ಕ್ಲೆರಿಕ್‌ಗೆ ಒಂದು ಲಂಚ. 2000ದ ಮೂರನೇ ಆವೃತ್ತಿಯಲ್ಲಿ, ಬೆಳಿಗ್ಗೆ ಯಾವ ಮಂತ್ರ ಸಿದ್ಧಮಾಡಿಕೊಂಡಿದ್ದರೂ ಬೇಕೆಂದಾಗ ಅದನ್ನು ಗಾಯ ಮಾಯಿಸುವ ಮಂತ್ರವಾಗಿ ತಿರುಗಿಸಿಕೊಳ್ಳಬಹುದು ಎಂದರು. ಇಡೀ ದಿನವನ್ನು ಮದ್ದಿಗೇ ಮೀಸಲಿಡುವ ಕಷ್ಟ ತಪ್ಪಿತು. ಜೊತೆಗೆ ಕೊಟ್ಟ ಬಲ ಎಷ್ಟೆಂದರೆ, ಪಳಗಿದ ಕೈಗೆ ಸಿಕ್ಕಿದ ಕ್ಲೆರಿಕ್ ಫೈಟರ್‌ಗಿಂತ ಚೆನ್ನಾಗಿ ಕಾದಾಡತೊಡಗಿದ. 2008ರ ನಾಲ್ಕನೇ ಆವೃತ್ತಿ ಅವನಿಗೆ 'ಲೀಡರ್' ಎಂಬ ಬಿರುದು ಕೊಟ್ಟಿತು. ಒಂದು ಮಾತಿನಿಂದ ದೂರದವರ ಗಾಯ ಮಾಯಿಸಿ, ಅದೇ ಸರದಿಯಲ್ಲಿ ಗದೆಯನ್ನೂ ಬೀಸಬಹುದು ಎಂದಿತು. 2014ರ ಐದನೆಯದು, ಒಂದು ತಾಸು ಕೂತು ದಣಿವಾರಿಸಿಕೊಂಡರೆ ಪ್ರತಿಯೊಬ್ಬರೂ ತಮ್ಮ ಗಾಯವನ್ನು ತಾವೇ ಒಂದಿಷ್ಟು ಮಾಯಿಸಿಕೊಳ್ಳಬಹುದೆಂದು ಮಾಡಿತು. 2024ರ ಪರಿಷ್ಕರಣೆಯಲ್ಲಿ ಗಾಯ ಮಾಯಿಸುವ ಮುಖ್ಯ ಮಂತ್ರದ ದಾಳ ಒಂದಿದ್ದದ್ದು ಎರಡಾಯಿತು. ನೌಕರಿಗೆ ಯಾರೂ ಬರದಿದ್ದಾಗ ಸಂಬಳ ಏರಿಸುತ್ತ ಹೋಗುವುದು ಅಂದರೆ ಇದೇ.

ಲಂಚ ಎಷ್ಟು ಫಲಿಸಿತು? ಎರಡು ಲೆಕ್ಕ ಹೇಳುತ್ತೇನೆ. ಪಾತ್ರದ ಹಾಳೆಗಳನ್ನು ಅಂತರ್ಜಾಲದಲ್ಲಿ ಬರೆದಿಡುವ ಡಿ ಅಂಡ್ ಡಿ ಬಿಯಾಂಡ್‌ನ ಅಂಕಿಗಳು 2017ರಲ್ಲಿ ಹೊರಬಿದ್ದಾಗ ಫೈಟರ್ ಮತ್ತು ರೋಗ್ ಮುಂದಿದ್ದರು. ಕ್ಲೆರಿಕ್ ತಳದಲ್ಲೇನೂ ಇರಲಿಲ್ಲ, ಆ ಜಾಗ ಪ್ರಾಣಿರೂಪ ತಾಳುವ ಡ್ರುಯಿಡ್‌ನದು. ಇನ್ನೊಂದು ಲೆಕ್ಕ 2023ರ ಆಗಸ್ಟಿನಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟದ್ದು. ನಿಯಮಗಳು ಬಹುಪಾಲು ಇದೇ ಮೇಜಿನ ಆಟದವು. ವರ್ಷ ತುಂಬಿದಾಗ ಅದನ್ನು ಮಾಡಿದ ಲೇರಿಯನ್ ಕಂಪನಿ ಕೊಟ್ಟ ವಿವರದಂತೆ ಪ್ಯಾಲಡಿನ್ ಆರಿಸಿಕೊಂಡವರು ಹತ್ತಿರ ಹತ್ತಿರ 1 ಕೋಟಿ. 50 ಲಕ್ಷವನ್ನೂ ಮುಟ್ಟದ ಕ್ಲಾಸ್ ಒಂದೇ ಒಂದು, ಕ್ಲೆರಿಕ್. ಮೇಜಿನ ಮೇಲೆ ನಡುವೆ ಎಲ್ಲೋ ಇದ್ದವನು ಕಂಪ್ಯೂಟರಿನಲ್ಲಿ ತಳಕ್ಕೆ ಹೋದದ್ದು ಹೇಗೆ? ಆ ಆಟದಲ್ಲಿ ಶ್ಯಾಡೋಹಾರ್ಟ್ ಎಂಬ ಕ್ಲೆರಿಕ್ ಹೆಣ್ಣು ಆರಂಭದಲ್ಲೇ ಜೊತೆಗೂಡುತ್ತಾಳೆ. ಅವಳನ್ನು ನಡೆಸುವುದಕ್ಕೆ ಇನ್ನೊಬ್ಬ ಮನುಷ್ಯ ಬೇಕಾಗಿಲ್ಲ. ಬಡಿಸಲು ಆಳು ಸಿಕ್ಕ ಮೇಲೆ ಎಲ್ಲರೂ ಎಲೆಯ ಮುಂದೆ ಕೂತರು. ಮೇಜಿನ ಆಟದಲ್ಲಿ ಕ್ಲೆರಿಕ್ ಆದವರಲ್ಲಿ ಎಷ್ಟು ಮಂದಿ ಇಷ್ಟಪಟ್ಟು ಆದರು, ಎಷ್ಟು ಮಂದಿ ಸಾರಕ್ಕಿ ಸಿಗ್ನಲ್‌ನಂಥ ಕಾರಣಕ್ಕೆ ಆದರು ಎಂಬುದು ಈ ಎರಡು ಲೆಕ್ಕಗಳ ನಡುವಿನ ಬಿರುಕಿನಲ್ಲಿ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕರಾವಳಿಯ ತಾಳಮದ್ದಲೆಯ ಕಡೆ ತಿರುಗದೆ ಇರಲಾಗುವುದಿಲ್ಲ. ಈ ಆಟವನ್ನು ಮೊದಲ ಸಲ ನೋಡಿದಾಗ ನನಗೆ ಬೇರೇನೂ ನೆನಪಾಗಲಿಲ್ಲ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪಂಚೆ ಶಲ್ಯದವರು ಎದುರುಬದುರು ಕೂತು, ಒಬ್ಬ ಕೃಷ್ಣನಾಗಿ ಇನ್ನೊಬ್ಬ ಕೌರವನಾಗಿ, ಬರೆದಿಟ್ಟ ಮಾತಿನ ಆಸರೆ ಇಲ್ಲದೆ ಗಂಟೆಗಟ್ಟಲೆ ವಾದಿಸುತ್ತಾರೆ. ಪ್ರಸಂಗದ ಪದ್ಯವಷ್ಟೇ ಮೊದಲೇ ಇರುವುದು, ಅರ್ಥ ಅಲ್ಲೇ ಹುಟ್ಟಬೇಕು. ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಹೊರಗೆ ಮಳೆ ಸುರಿಯುವ ತಿಂಗಳುಗಳಲ್ಲಿ, ಇದರ ಹಂಗಾಮು. ಉದ್ಯೋಗಕ್ಕೆಂದು ಬಂದ ಕರಾವಳಿ ಮಲೆನಾಡಿನವರ ಜೊತೆ ಇದು ಬೆಂಗಳೂರಿಗೂ ಬಂದಿದೆ. ಹಾಡಿ, ಆಟ ಎಬ್ಬಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ತಾಳ ತಟ್ಟಿ ಮುಂದಕ್ಕೆ ಸಾಗಿಸುವ ಭಾಗವತರು ನಮ್ಮ ಡಿಎಂ. ಯಕ್ಷಗಾನದಲ್ಲಿ ಭಾಗವತರನ್ನೇ ಮೊದಲ ವೇಷ ಎಂದು ಎಣಿಸಿ, ಮುಖ್ಯ ವೇಷಧಾರಿಯನ್ನು ಎರಡನೇ ವೇಷ ಅನ್ನುವ ರೂಢಿ ಇದೆ. ಪ್ರತಿ ವಾರ ಗುಹೆಯ ನಕ್ಷೆ ಬರೆದು ತಂದು, ಗೆದ್ದರೂ ಸೋತರೂ ಹೆಸರು ಸಿಗದ ಡಿಎಂಗಳಿಗೆ ಈ ರೂಢಿಯನ್ನು ಯಾರಾದರೂ ತಿಳಿಸಬೇಕು.

ಯಕ್ಷಗಾನದಲ್ಲಿ ಕ್ಲಾಸುಗಳೂ ಇವೆ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಪುಂಡುವೇಷ, ರಾಕ್ಷಸರ ಬಣ್ಣದ ವೇಷ, ಕಿರೀಟ ವೇಷ, ಸ್ತ್ರೀವೇಷ, ಹಾಸ್ಯ. ಹಂತ ಏರುವುದೂ ಇದೆ. ಮೇಳ ಸೇರಿದ ಹುಡುಗ ಕೋಡಂಗಿಯಿಂದ ಆರಂಭಿಸಿ, ಬಾಲಗೋಪಾಲನಾಗಿ, ಹಂತಹಂತವಾಗಿ ದೊಡ್ಡ ವೇಷಕ್ಕೆ ಬರಬೇಕಿತ್ತು. ಆದರೆ ಯಾವ ವೇಷ ಬೇಕು ಎಂದು ಹುಡುಗನನ್ನು ಯಾರೂ ಕೇಳುತ್ತಿರಲಿಲ್ಲ. ಆಳ್ತನ, ಕಂಠ, ಹೆಜ್ಜೆ ನೋಡಿ ಹಿರಿಯರು ಗೊತ್ತು ಮಾಡುತ್ತಿದ್ದರು. ಗಿಡ್ಡ ಮೈಯವನಿಗೆ ಬಣ್ಣದ ವೇಷದ ಹಂಬಲ ಇದ್ದರೆ ಅದು ಹಂಬಲವಾಗಿಯೇ ಉಳಿಯುತ್ತಿತ್ತು. ತಾಳಮದ್ದಲೆಯಲ್ಲಿ ಮೈಯ ಅಡ್ಡಿ ಇಲ್ಲ. ಸಣಕಲು ಮೇಷ್ಟ್ರು ಘಟೋತ್ಕಚನಾಗಬಹುದು. ಹಾಗಾಗಿ ಯಾರಿಗೆ ಯಾವುದು ಪ್ರಿಯ ಎಂದು ಅಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಪ್ರಿಯವಾಗುವುದು ಒಳ್ಳೆಯವನ ಪಾತ್ರವಲ್ಲ. ವಾಲಿವಧೆಯನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು, ಬಿದ್ದ ವಾಲಿ ಪ್ರಶ್ನೆಗಳಿಂದ ಇರಿಯುವ ಪ್ರಸಂಗ. ಕತೆಯಲ್ಲಿ ಸಾಯುವವನು ವಾಲಿ, ಮಾತಿನಲ್ಲಿ ಬೆವರುವವನು ರಾಮ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥ ಹೇಳುತ್ತಾರೆಂದರೆ ಜನ ಅದನ್ನು ಕೇಳಲೆಂದೇ ಹೊರಡುತ್ತಿದ್ದರು. ಮುಗಿವ ಬಗೆ ಎಲ್ಲರಿಗೂ ತಿಳಿದ ಕತೆಯಲ್ಲಿ ಸಾಯುವವನ ಪಾತ್ರಕ್ಕೆ ಅಷ್ಟು ಬೆಲೆ ಬಂದದ್ದು, ಅದರಲ್ಲಿ ಮಾತಾಡಲು ಜಾಗವಿತ್ತು ಎಂಬುದಕ್ಕೆ. ಅದೇ ಸುದ್ದಿ ತಂದು ಒಪ್ಪಿಸಿ ಹೋಗುವ ದೂತನ ಅರ್ಥ ಹೇಳಲು ಪೈಪೋಟಿ ಇರುವುದಿಲ್ಲ. ದೂತ ಕೆಟ್ಟವನೆಂದಲ್ಲ, ಅವನ ಸರದಿ ಎರಡು ಪದ್ಯಕ್ಕೆ ಮುಗಿಯುತ್ತದೆ. ಕ್ಲೆರಿಕ್‌ನ ಕಷ್ಟವೂ ದೂತನದೇ, ಇನ್ನೊಬ್ಬರ ಕತೆಯನ್ನು ಮುಂದಕ್ಕೆ ಸಾಗಿಸುವುದು.

ತಾಳಮದ್ದಲೆಗೂ ಈ ಆಟಕ್ಕೂ ದೊಡ್ಡ ವ್ಯತ್ಯಾಸ ದಾಳದ್ದು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಬದುಕುವುದಿಲ್ಲ. ಸಾರಕ್ಕಿಯ ಮೇಜಿನ ಮೇಲೆ ಇಪ್ಪತ್ತು ಮುಖದ ದಾಳ ನೂರಕ್ಕೆ ಐದು ಸಲ 20 ತೋರಿಸುತ್ತದೆ, ಆಗ ವಾಲಿಯೂ ಎದ್ದು ಹೋಗಬಹುದು. ದಾಳ ಅಂದ ಕೂಡಲೇ ಶಕುನಿ ನೆನಪಾಗುವ ನಮ್ಮವರಿಗೆ ಈ ಭಾಗ ಒಗ್ಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮಾತಿನಿಂದಲೇ ಕೊಲ್ಲುವ ಕ್ಲಾಸೂ ಒಂದಿದೆ, ಬಾರ್ಡ್. ಹಾಡುಗಾರ, ಕತೆಗಾರ, ಅರೆ ಮಂತ್ರವಾದಿ. 1976ರಲ್ಲಿ ಡಗ್ ಶ್ವೆಗ್‌ಮನ್ ಎಂಬುವರು ಒಂದು ಪತ್ರಿಕೆಗೆ ಬರೆದುಕೊಟ್ಟ ಪಾತ್ರ. 1978ರ ದೊಡ್ಡ ಪುಸ್ತಕದಲ್ಲಿ ಅದನ್ನು ಅನುಬಂಧಕ್ಕೆ ತಳ್ಳಿದ್ದರು. ಮೊದಲು ಫೈಟರ್ ಆಗಿ, ಆಮೇಲೆ ಕಳ್ಳನಾಗಿ, ಅದಾದ ಮೇಲೆ ಬಾರ್ಡ್ ಆಗಬೇಕಿತ್ತು. ಅಷ್ಟು ದೂರ ಬದುಕಿ ಬಂದವರು ಕಡಿಮೆ. 2014ರ ನಿಯಮ ಅವನಿಗೆ ವಿಜಾರ್ಡ್‌ಗೆ ಸಮನಾದ ಮಂತ್ರಬಲ ಕೊಟ್ಟಿತು. ಜೊತೆಗೆ ವಿಶಸ್ ಮಾಕರಿ ಎಂಬ ಮಂತ್ರ: ಎದುರಿನವನನ್ನು ಹೀಯಾಳಿಸಿ ಬೈದರೆ ಅವನಿಗೆ ನಾಲ್ಕು ಮುಖದ ದಾಳದಷ್ಟು ಪೆಟ್ಟು, ಮೇಲಾಗಿ ಅವನ ಮುಂದಿನ ಏಟು ಗುರಿ ತಪ್ಪುವ ಸಂಭವ ಹೆಚ್ಚು. ನಿಯಮ ಪುಸ್ತಕ ಇಂಗ್ಲಿಷಿನಲ್ಲಿದೆ ನಿಜ, ಬೈಗುಳ ಇಂಗ್ಲಿಷಿನಲ್ಲೇ ಇರಬೇಕೆಂದು ಎಲ್ಲೂ ಬರೆದಿಲ್ಲ. ಈ ತಂಡದಲ್ಲಿ ಬಾರ್ಡ್ ಆಡುವ ಹುಡುಗಿ ಮಂಡ್ಯದ ಕಡೆಯವಳು. 'ನಿನ್ ಮಕಕ್ಕೊಂದು ಗುಹೆ ಬೇರೆ ಕೇಡು' ಎಂದು ಅವಳು ಓಗರ್ ಎಂಬ ದೈತ್ಯನೊಬ್ಬನಿಗೆ ಅಂದದ್ದಕ್ಕೆ, ದಾಳ ಉರುಳಿಸುವ ಮೊದಲೇ ಡಿಎಂ ಸೋಲೊಪ್ಪಿದ. ಬಾರ್ಡ್ ಆಡುವವರಿಗೆ ಇಷ್ಟವಾದರೆ ನನಗೆ ಅಚ್ಚರಿಯೇ ಅಲ್ಲ. ಅವನೂ ಗಾಯ ಮಾಯಿಸಬಲ್ಲ ಎಂಬುದನ್ನು ಗಮನಿಸಿ. ಅದೇ ಸೇವೆ, ಆದರೆ ಬೈಯುವ ಹಕ್ಕಿನ ಜೊತೆ ಬಂದರೆ ಯಾರಿಗೂ ಬೇಸರವಿಲ್ಲ.

ಪ್ಯಾಲಡಿನ್ ಬಗ್ಗೆ ಹೇಳಲೇಬೇಕು. ಧರ್ಮಕ್ಕೆ ಕಟ್ಟುಬಿದ್ದ ಯೋಧ. 1975ರಲ್ಲಿ ಅವನು ಬಂದಾಗ, ಮೂರು ದಾಳ ಹಾಕಿದರೆ ಬರುವ ವರ್ಚಸ್ಸಿನ ಅಂಕ 17 ಅಥವಾ 18 ಇದ್ದರೆ ಮಾತ್ರ ಆ ಪದವಿ. 216 ಸಾಧ್ಯತೆಗಳಲ್ಲಿ ಅದಕ್ಕೆ ಒದಗುವುದು 4, ನೂರಕ್ಕೆ ಎರಡೂ ಇಲ್ಲ. ಅಷ್ಟು ಕಷ್ಟಪಟ್ಟು ಸಿಕ್ಕ ಪದವಿ ಒಂದು ಅಡ್ಡ ಹೆಜ್ಜೆಗೆ ಶಾಶ್ವತವಾಗಿ ಹೋಗಿಬಿಡುತ್ತಿತ್ತು. ನಮ್ಮಲ್ಲಿ ಇದಕ್ಕೆ ಟಿಪ್ಪಣಿ ಬೇಕಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ, ಅಶ್ವತ್ಥಾಮನ ಹೆಸರಿನ ಅರೆಸುಳ್ಳಿನ ನಂತರ ನೆಲಕ್ಕಿಳಿಯಿತು. ಗೈಗ್ಯಾಕ್ಸ್ ಮಹಾಭಾರತ ಓದಿ ಬರೆದದ್ದಲ್ಲ, ಅವರಿಗೆ ದಾರಿ ತೋರಿದ್ದು ಪೋಲ್ ಆಂಡರ್ಸನ್‌ರ ಒಂದು ಕಾದಂಬರಿ. ಆದರೂ ನಿಯಮ ಅದೇ.

ಮೇಜಿನ ಮೇಲೆ ಈ ನಿಯಮ ಮಾಡಿದ ಹಾನಿ ಬೇರೆ ಬಗೆಯದು. ಪ್ಯಾಲಡಿನ್‌ಗೆ ತನ್ನ ಪದವಿಯ ಭಯ, ಹಾಗಾಗಿ ಜೊತೆಗಿದ್ದವರ ನಡತೆಗೂ ಅವನೇ ಕಾವಲು. ಕಳ್ಳ ಜೇಬಿಗೆ ಕೈ ಹಾಕುವಂತಿಲ್ಲ, ಸೆರೆ ಸಿಕ್ಕವನನ್ನು ಗದರಿಸುವಂತಿಲ್ಲ. ಹಳಬರು ಪ್ಯಾಲಡಿನ್ ಹೆಸರೆತ್ತಿದರೆ ಮುಖ ಸಿಂಡರಿಸುವುದು ಇದಕ್ಕೇ. 2014ರ ಹೊತ್ತಿಗೆ ಆ ಕಟ್ಟು ಸಡಿಲವಾಗಿತ್ತು. ಎಲ್ಲರೂ ಒಂದೇ ಧರ್ಮಕ್ಕೆ ಒಳಪಡಬೇಕಾಗಿಲ್ಲ, ಅವರವರ ಪ್ರತಿಜ್ಞೆ ಅವರವರಿಗೆ ಎಂದಾಯಿತು. ಇನ್ನೊಂದು ಸವಲತ್ತು: ಏಟು ತಾಗಿತೆಂದು ಖಾತ್ರಿಯಾದ ಮೇಲೆ ದೈವಬಲವನ್ನು ಸೇರಿಸಬಹುದು, ಬಲ ಗಾಳಿಗೆ ಹೋಗುವ ಪ್ರಶ್ನೆಯೇ ಇಲ್ಲ. ಹಳೆಯ ಪ್ಯಾಲಡಿನ್‌ಗೆ ಮುಖ ಸಿಂಡರಿಸಿದ ಲೋಕವೇ ಹೊಸ ಪ್ಯಾಲಡಿನ್ ಮುಂದೆ 1 ಕೋಟಿ ಜನರ ಸಾಲು ನಿಲ್ಲಿಸಿತು. ಜನರ ಮನಸ್ಸು ಬದಲಾಗಿ ಹೀಗಾಯಿತೇ? ಪುಸ್ತಕದ ಒಂದು ಪುಟ ಬದಲಾಯಿತು, ಅಷ್ಟೆ.

ರೇಂಜರ್ ಬಗ್ಗೆ ಒಂದೇ ಮಾತು. ಕಾಡು ಬಲ್ಲವನು ಅವನು. 2014ರ ನಿಯಮದಲ್ಲಿ, ತನಗೆ ಪಳಗಿದ ಕಾಡಿನಲ್ಲಿ ಅವನ ತಂಡ ದಾರಿ ತಪ್ಪುವುದೇ ಇಲ್ಲ, ಹುಡುಕಿದರೆ ಆಹಾರ ದುಪ್ಪಟ್ಟು. ಕಾಡಿನ ಕಷ್ಟಕ್ಕೆಂದು ಕರೆತಂದವನು ಕಷ್ಟವನ್ನೇ ಅಳಿಸಿಹಾಕಿದ. ಕಾಡಿನಲ್ಲಿ ಏನೂ ನಡೆಯದಿದ್ದಾಗ ಅವನ ಹಿರಿಮೆ ಕಾಣುವುದಾದರೂ ಎಲ್ಲಿ?

ಫೈಟರ್‌ಗೆ ಯಾಕೆ ಅಷ್ಟು ಬೇಡಿಕೆ ಎಂದು ನನ್ನ ಅಳಿಯನನ್ನು ಕೇಳಿದೆ. ಆ ತಂಡದ ಡಿಎಂ ಅವನೇ. 'ಮಾವ, ದಿನವಿಡೀ ಆಫೀಸಲ್ಲಿ ಆಪ್ಷನ್ ನೋಡಿ ನೋಡಿ ಸಾಕಾಗಿರತ್ತೆ. ಇಲ್ಲಿ ಬಂದು ಹೊಡೀತೀನಿ ಅಂದ್ರೆ ಆಯ್ತಲ್ಲ' ಎಂದ. ಆ 2017ರ ಲೆಕ್ಕದಲ್ಲೂ, ಎಲ್ಫ್ ಆಗಬಹುದಿತ್ತು, ಡ್ರ್ಯಾಗನ್ ಕುಲದವರಾಗಬಹುದಿತ್ತು, ಎಲ್ಲ ಬಿಟ್ಟು ಬರಿಯ ಮನುಷ್ಯ ಫೈಟರ್ ಆದವರೇ ಎಲ್ಲರಿಗಿಂತ ಹೆಚ್ಚು. ಅಂದಹಾಗೆ ಈ ಆಟದಲ್ಲಿ ರಾಕ್ಷಸ ಎಂಬ ಹೆಸರಿನ ಪ್ರಾಣಿಯೇ ಇದೆ. 1977ರ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಅದಕ್ಕೆ ಹುಲಿಯ ತಲೆ, ಮೈಮೇಲೆ ಸಾಹುಕಾರನ ದಿರಿಸು, ಮಂತ್ರಿಸಿದ ಬಾಣಕ್ಕೆ ಸಾವು. ತೆಂಕುತಿಟ್ಟಿನ ಬಣ್ಣದ ವೇಷ ಚೌಕಿಯಿಂದ ಅಬ್ಬರಿಸುತ್ತ ಬರುವುದನ್ನು ಎಳವೆಯಲ್ಲಿ ಕಂಡವರಿಗೆ ಆ ಚಿತ್ರ ಏನೇನೂ ಸಾಲದು.

ಇನ್ನು ನನ್ನ ಸ್ವಂತ ಅಭಿರುಚಿ. ನನಗೆ ಆಗದವನು ಕ್ಲೆರಿಕ್ ಅಲ್ಲ, ಕಳ್ಳ. ಈಗಿನ ಹೆಸರು ರೋಗ್. 1974ರ ಪೆಟ್ಟಿಗೆಯಲ್ಲಿ ಅವನಿರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಆಟದ ಸಾಮಾನಿನ ಅಂಗಡಿಯ ಗ್ಯಾರಿ ಸ್ವಿಟ್ಜರ್ ಎಂಬುವರ ಬಳಗ ಹೊಳೆಯಿಸಿದ ಪಾತ್ರ ಅದು. ಸುದ್ದಿ ಫೋನಿನಲ್ಲಿ ಗೈಗ್ಯಾಕ್ಸ್‌ಗೆ ಮುಟ್ಟಿ, 1975ರ ಪುಸ್ತಕದಲ್ಲಿ ಅಚ್ಚಾಯಿತು. ಕಳ್ಳನಿಗೆ ಬೀಗ ತೆಗೆಯುವುದು ಬರುತ್ತದೆ, ಸದ್ದಿಲ್ಲದೆ ನಡೆಯುವುದು ಬರುತ್ತದೆ, ಬೋನು ಬಿಚ್ಚುವುದು ಬರುತ್ತದೆ. ಕೇಳಲು ಚೆಂದ. ಆದರೆ ಅವನು ಬರುವ ಮೊದಲು ಇದನ್ನೆಲ್ಲ ಯಾರು ಬೇಕಾದರೂ ಮಾಡುತ್ತಿದ್ದರಲ್ಲ? ನೆಲದ ಹಾಸುಗಲ್ಲು ಅಲುಗುತ್ತದೆ ಎಂದು ಡಿಎಂ ಹೇಳಿದರೆ ಫೈಟರ್ ಕೋಲಿನಿಂದ ತಟ್ಟಿ ನೋಡುತ್ತಿದ್ದ, ಮಂತ್ರವಾದಿ ಸಂದಿಗೆ ನೀರು ಸುರಿದು ಎಲ್ಲಿಗೆ ಇಂಗುತ್ತದೆ ಎಂದು ನೋಡುತ್ತಿದ್ದ. ಕಳ್ಳ ಬಂದದ್ದೇ ಅದು ಅವನ ಇಲಾಖೆಯಾಯಿತು. ಮಿಕ್ಕವರು ಯೋಚಿಸುವುದನ್ನು ಬಿಟ್ಟು 'ನೀನು ದಾಳ ಹಾಕು ಮಗಾ' ಅನ್ನತೊಡಗಿದರು. ಅಷ್ಟಾಗಿ ಅವನ ಸಾಮರ್ಥ್ಯವೇನು? 1981ರ ಬೇಸಿಕ್ ಪೆಟ್ಟಿಗೆಯಲ್ಲಿ ಮೊದಲ ಹಂತದ ಕಳ್ಳನಿಗೆ ಬೀಗ ತೆರೆಯುವ ಸಾಧ್ಯತೆ ನೂರಕ್ಕೆ 15, ಬೋನು ಬಿಚ್ಚುವುದು 10, ನೆರಳಿನಲ್ಲಿ ಅಡಗುವುದು 10. ಹತ್ತರಲ್ಲಿ ಒಂಬತ್ತು ಸಲ ಸಿಕ್ಕಿಬೀಳುವವನಿಗೆ ಕಳ್ಳನೆಂಬ ಹೆಸರು ಬೇರೆ. ಕ್ಲೆರಿಕ್ ತನ್ನ ಸರದಿಯನ್ನು ಇತರರಿಗೆ ಕೊಡುತ್ತಾನೆ. ಇವನು ಇತರರದನ್ನು ಕಸಿದುಕೊಂಡ. ಈಗಿನ ರೋಗ್ ಎಷ್ಟೋ ಸುಧಾರಿಸಿದ್ದಾನೆ, ಆಡುವವರು ಮುಗಿಬೀಳುತ್ತಾರೆ, ನನ್ನ ತಕರಾರು ಹಾಗೇ ಇದೆ.

ನನಗೆ ಪ್ರಿಯನಾದವನು ಹಳೆಯ ಮಂತ್ರವಾದಿ. ಈಗಿನ ವಿಜಾರ್ಡ್ ಅಲ್ಲ, ಅವನು ಬೇಕೆಂದಷ್ಟು ಸಲ ಬೆಂಕಿಯ ಕಿಡಿ ಎಸೆಯುತ್ತಾನೆ, ಮುಗಿಯುವುದೇ ಇಲ್ಲ. 1981ರ ಮಂತ್ರವಾದಿಗೆ ಮೊದಲ ಹಂತದಲ್ಲಿ ದಿನಕ್ಕೆ ಒಂದು ಮಂತ್ರ. ಪುಸ್ತಕ ನೋಡಿ ಬೆಳಿಗ್ಗೆ ಉರುಹೊಡೆಯಬೇಕು, ಪ್ರಯೋಗಿಸಿದ ಕ್ಷಣ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ಕತೆಗಳಿಂದ ಈ ವಿಚಿತ್ರ ಕಟ್ಟಳೆ ಬಂತು. ಕವಚ ತೊಡುವಂತಿಲ್ಲ, ಆಯುಧವೆಂದರೆ ಒಂದು ಚೂರಿ, ಜೀವಕ್ಕೆ ನಾಲ್ಕು ಮುಖದ ದಾಳ. ಬೆಕ್ಕು ಪರಚಿದರೂ ಸಾಯಬಹುದು. ಬೆಳಿಗ್ಗೆ ಎದ್ದು ಇವತ್ತು ಏನಾಗಬಹುದು ಎಂದು ಯೋಚಿಸಲೇಬೇಕಾದವನು ಇವನು. ಮಿಕ್ಕ ಹೊತ್ತೆಲ್ಲ ಹಗ್ಗ, ಸೀಮೆಸುಣ್ಣ, ದೀಪದ ಎಣ್ಣೆ, ಹತ್ತಡಿಯ ಕೋಲು ಇಟ್ಟುಕೊಂಡು ಬುದ್ಧಿ ಓಡಿಸಬೇಕು. ನಿಯಮ ಅವನಿಗೆ ಏನೂ ಕೊಟ್ಟಿಲ್ಲ, ಹಾಗಾಗಿ ಏನನ್ನೂ ತಡೆದೂ ಇಲ್ಲ.

ನನ್ನ ಹಟಕ್ಕೆ ಒಂದು ಶನಿವಾರ ತಂಡದವರು 1981ರ ನಿಯಮದಲ್ಲೇ ಆಡಲು ಒಪ್ಪಿದರು. ನಾನು ಸ್ಲೀಪ್ ಮಂತ್ರ ಉರುಹೊಡೆದುಕೊಂಡು ಹೊರಟೆ. ಒಂದು ಹಿಂಡು ಗಾಬ್ಲಿನ್‌ಗಳನ್ನು ಒಂದೇ ಸಲಕ್ಕೆ ಮಲಗಿಸಿಬಿಡುವ ಮಂತ್ರ, ಆ ಹಂತದಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಗುಹೆಯಲ್ಲಿ ಎದುರಾದದ್ದು ಆರು ಅಸ್ಥಿಪಂಜರ. ಸತ್ತವರಿಗೆ ನಿದ್ದೆ ತಾಗುವುದಿಲ್ಲ. ಅಳಿಯನ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ಅವನ ಮದುವೆಯಲ್ಲೂ ನಾನು ಕಂಡಿರಲಿಲ್ಲ. ಎಣ್ಣೆಯ ಬುಡ್ಡಿಗೆ ಕಿಚ್ಚು ಹಚ್ಚಿ ಎಸೆಯುತ್ತೇನೆ ಎಂದೆ. 'ದಾಳ ಹಾಕಿ ಮಾವ' ಎಂದ. 1 ಬಿತ್ತು. ಬುಡ್ಡಿ ನನ್ನ ಕಾಲ ಬುಡದಲ್ಲೇ ಒಡೆಯಿತೆಂದು ತೀರ್ಪಾಯಿತು. ನನ್ನ ಹಾಳೆಯಲ್ಲಿದ್ದ ಜೀವ 3, ಉಳಿದದ್ದು 1. ಎಲ್ಲರೂ ಕ್ಲೆರಿಕ್ ಕಡೆ ತಿರುಗಿದರು. ಅವತ್ತು ಕೊನೆಗೆ ಬಂದವನು ಬನಶಂಕರಿಯ ಹುಡುಗ. ಪುಸ್ತಕದ ಪುಟ ಮಗುಚಿ, ಇನ್ನೊಮ್ಮೆ ಮಗುಚಿ, 'ಅಂಕಲ್, ಫಸ್ಟ್ ಲೆವೆಲ್‌ನಲ್ಲಿ ನನಗೆ ಸ್ಪೆಲ್ಲೇ ಕೊಟ್ಟಿಲ್ವಲ್ಲ' ಎಂದ.